ಹತ್ತು ಗಂಟೆಯ ಅಂಕಿ

ನಮ್ಮ ಭಾವ ಮೂವತ್ತೊಂದು ವರ್ಷದಿಂದ ಹೊಳೆಯ ನೀರಿನ ಮಟ್ಟ ಬರೆಯುತ್ತಿದ್ದರು. ಸೇತುವೆಯ ಕಂಬದ ಅಳತೆಪಟ್ಟಿ ನೋಡುವುದು, ರಿಜಿಸ್ಟರಿನಲ್ಲಿ ಬರೆಯುವುದು. ಪ್ರವಾಹ ಬಂದರೆ ಗಂಟೆಗೊಮ್ಮೆ. "ಹಾಲು ಕೊಟ್ಟರೂ ಲೋಟದಲ್ಲಿ ಎಷ್ಟು ಸೆಂಟಿಮೀಟರ್ ಅಂತ ನೋಡ್ತಾರೆ ಕಣೇ" ಎಂದು ಅಕ್ಕ ಗೇಲಿ ಮಾಡುತ್ತಿದ್ದಳು.

ಹೋದ ವರ್ಷದ ಪ್ರವಾಹದಲ್ಲಿ ಅಕ್ಕ ಮನೆಯೊಳಗೇ ಮುಳುಗಿ ಸತ್ತಳು. ಭಾವನ ಕಚೇರಿಯಲ್ಲೇ ನಾನು ಟೈಪಿಸ್ಟ್. ರಿಜಿಸ್ಟರ್ ತೆಗೆದು ನೋಡಿದೆ. ಆವತ್ತು ಒಂದು ಗಂಟೆಯೂ ಖಾಲಿ ಬಿಟ್ಟಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. "ಹೆಂಡ್ತಿ ಮುಳುಗ್ತಿದ್ರೆ ಅಂಕಿ ಬರೀತಾ ಕೂತಿದ್ರಲ್ಲ, ನಿಮ್ಮದೂ ಒಂದು ಜನ್ಮವಾ?" ಎಂದು ಎಲ್ಲರೆದುರೇ ಬೈದು ಮಾತು ಬಿಟ್ಟೆ. ಭಾವ ರಿಜಿಸ್ಟರ್ ಎತ್ತಿಕೊಂಡು ಮಟ್ಟ ನೋಡಲು ಸೇತುವೆಯತ್ತ ಹೊರಟರು.

ಈಚೆಗೆ ಪ್ರವಾಹದ ಅಧ್ಯಯನಕ್ಕೆಂದು ತಂಡವೊಂದು ಬಂತು. ಮೇಲೆ ಕಾಡು ಕಡಿದದ್ದು, ಕೆಳಗೆ ಹೊಳೆಯ ಪಾತ್ರದಲ್ಲೇ ಗೋದಾಮು ಕಟ್ಟಿದ್ದು, ಕೊಚ್ಚಿಹೋದ ಮನೆಗಳು, ಎಲ್ಲ ನಕ್ಷೆಗೆ ಬಂದವು. ತಡೆಗೋಡೆಯ ಎತ್ತರಕ್ಕೆ ಮಾತ್ರ ಭಾವನ ರಿಜಿಸ್ಟರೇ ಆಧಾರ.

"ಹತ್ತು ಗಂಟೆದೇ ಅತಿ ಹೆಚ್ಚು. ಇದರ ಮೇಲೇ ಗೋಡೆ ಎತ್ತರ ಲೆಕ್ಕ ಹಾಕ್ತೀವಿ. ಎಷ್ಟು ಅಚ್ಚುಕಟ್ಟಾಗಿ ಬರ್ದಿದೀರ ಸಾರ್!" ಎಂದರು ತಂಡದ ಎಂಜಿನಿಯರಮ್ಮ.

ಭಾವ ಎದ್ದು ನಿಂತರು. ನಿವೃತ್ತಿಗೆ ನಾಲ್ಕೇ ತಿಂಗಳಿತ್ತು.

"ಅದನ್ನ ಹೊಡೆದುಹಾಕಿ ಮೇಡಂ. ಅದು ಬರೀ ಅಂದಾಜು. ಆಗ ನಾನು ಸೇತುವೆ ಹತ್ರ ಇರ್ಲಿಲ್ಲ. ಮನೆಗೆ ಓಡಿದ್ದೆ. ವಾಪಸ್ ಬರೋ ಹೊತ್ತಿಗೆ ನೀರು ಇಳೀತಿತ್ತು, ಆಮೇಲೆ ಬರೆದೆ."

ಪಕ್ಕದ ಮೇಜಿನಲ್ಲಿ ಟೈಪ್ ಮಾಡುತ್ತಿದ್ದ ನನ್ನ ಬೆರಳುಗಳು ಕೀಲಿಗಳ ಮೇಲೇ ನಿಂತವು.

"ಇದನ್ನ ನಾನು ವರದಿ ಮಾಡ್ಬೇಕಾಗುತ್ತೆ. ನಿಮ್ಮ ಕೆಲಸಕ್ಕೇ ಕುತ್ತು ಬರ್ಬಹುದು" ಎಂದರು ಎಂಜಿನಿಯರಮ್ಮ.

"ಮಾಡಿ. ಗೋಡೆ ಗಿಡ್ಡ ಆದ್ರೆ ಇನ್ಯಾರದೋ ಮನೆಗೆ ನೀರು ನುಗ್ಗುತ್ತೆ. ನಮ್ಮನೆ ಬಾಗಿಲ ಮೇಲಿನ ಬಿಜಾಗರಿ ತಿರುಪಿನ ತನಕ ನೀರಿತ್ತು. ಎಷ್ಟು ತಳ್ಳಿದ್ರೂ ಬಾಗಿಲು ಜಗ್ಗಲಿಲ್ಲ."

"ನಂಗ್ಯಾಕೆ ಹೇಳ್ಲಿಲ್ಲ ಭಾವ?" ವರ್ಷದಲ್ಲಿ ನಾನು ಅವರೊಡನೆ ಆಡಿದ ಮೊದಲ ಮಾತು ಅದು.

"ಹೋಗಿದ್ದೂ ಉಳಿಸ್ಕೊಳ್ಳಲಿಲ್ಲ ಅಂತ ಹ್ಯಾಗಮ್ಮ ಹೇಳ್ಲಿ? ಹೋಗ್ಲೇ ಇಲ್ಲ ಅಂತ ಬೈಸ್ಕೊಳ್ಳೋದೇ ವಾಸಿ ಅನ್ನಿಸ್ತು."

ಅಯ್ಯೋ, ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ!

ಮಧ್ಯಾಹ್ನ ಮನೆಗೆ ಹೋಗಿ ಅಳೆದರು. ಭಾವ ತಿರುಪಿಗೆ ಬೆರಳಿಟ್ಟರು, ಟೇಪಿನ ಕೆಳತುದಿ ನಾನು ಹಿಡಿದೆ. ಎಂಜಿನಿಯರಮ್ಮ ಲೆಕ್ಕ ಹಾಕಿದಾಗ ರಿಜಿಸ್ಟರಿಗಿಂತ ಎಪ್ಪತ್ತು ಸೆಂಟಿಮೀಟರ್ ಹೆಚ್ಚು ಬಂತು. ಕಚೇರಿಗೆ ಮರಳಿ ಹೊಸ ಅಂಕಿಯನ್ನು ನಾನೇ ಟೈಪ್ ಮಾಡಿದೆ. ಪಕ್ಕದಲ್ಲಿ 'ಮಾಹಿತಿ ಕೊಟ್ಟವರು' ಎಂಬ ಕಾಲಮ್ಮಿತ್ತು. 'ಹೆಂಡತಿಯನ್ನು ಉಳಿಸಲು ಹೋದ ಗಂಡ' ಎಂದು ತುಂಬಿಸಿದೆ.