ಎದುರು ಪಕ್ಷದ ಕಾರ್ಡು

ನಮ್ಮ ಲೈಬ್ರರಿ ಸರ್ ಅವರ ಬಲಗೈ ಹೆಬ್ಬೆರಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಕ್ಯಾಟಲಾಗ್ ಡ್ರಾಯರಿನ ಕಾರ್ಡುಗಳನ್ನು ಸರಿಸಿ ಸರಿಸಿ ಸವೆದಿತ್ತು. ಅವರಿಗೆ ಕಂಪ್ಯೂಟರ್ ಕಂಡರಾಗುತ್ತಿರಲಿಲ್ಲ ಎಂದು ಶಿವಮೊಗ್ಗದ ಕೋಟೆ ಬಡಾವಣೆಯಲ್ಲಿ ನಡೆದ ಸಂತಾಪ ಸಭೆಯಲ್ಲಿ ಮೂವರು ಹೇಳಿದರು. ಮೂವರು ಹೇಳಿದ ಮಾತ್ರಕ್ಕೆ ಮೂರು ಸಾಕ್ಷಿಯಾಗುವುದಿಲ್ಲ. ಒಂದೇ ಗಾಳಿಮಾತು ಮೂರು ಸಲ ಕೇಳಿಸಿದಂತೆ, ಅಷ್ಟೆ. ಲೈಬ್ರರಿಗೆ ಕಂಪ್ಯೂಟರ್ ಬೇಕೆಂದು ಅರ್ಜಿ ಬರೆದವರೇ ಸರ್.

ಭದ್ರಾವತಿಯ ಓಲ್ಡ್ ಟೌನಿನ ಆ ಲೈಬ್ರರಿಗೆ ನಾನು ಮೊದಲು ಹೋದದ್ದು ಕಾಲೇಜಿನ ಚರ್ಚಾಸ್ಪರ್ಧೆಗಾಗಿ. ಅಣೆಕಟ್ಟಿನ ಪರ ಮಾತಾಡಬೇಕಿತ್ತು. ಎಂಜಿನಿಯರೊಬ್ಬರ ಪುಸ್ತಕ ಕೇಳಿದೆ. ಸರ್ ಡ್ರಾಯರಿನಲ್ಲಿ ಬೆರಳಾಡಿಸಿ ಎರಡು ನಂಬರು ಹೇಳಿದರು. ಒಂದು ತಂತ್ರಜ್ಞಾನದ ಕಪಾಟಿನದು. ಇನ್ನೊಂದು ಕೋಣೆಯ ಆ ತುದಿಯ ಚರಿತ್ರೆಯ ಕಪಾಟಿನದು: ಮನೆಮಠ ಮುಳುಗಿಸಿಕೊಂಡವರ ನೆನಪುಗಳು.

"ಇದು ಎದುರು ಪಕ್ಷದ್ದು ಸರ್, ನಂಗೆ ಬೇಡ."

"ಅವರು ನಿಂದೂ ಓದ್ಕೊಂಡ್ ಬರ್ತಾರೆ, ನೀನು ಅವರದ್ದು ಓದ್ದೆ ಹೋಗು. ಗೆದ್ದಂಗೇ ಬಿಡು ಮಾರಾಯ್ತಿ!"

ಎರಡನ್ನೂ ಒಯ್ದೆ. ಯಾವ ಪುಸ್ತಕ ಕೇಳಿದರೂ ಅದರ ಜೊತೆ ಜಗಳವಾಡುವ ಇನ್ನೊಂದನ್ನು ಅವರು ಕೈಗಿಡುತ್ತಿದ್ದರು. ಎಂಥ ನೆನಪು ಎಂದುಕೊಂಡಿದ್ದೆ.

ಡಿಗ್ರಿ ಮುಗಿದ ಮೇಲೆ ಅಲ್ಲೇ ಕೆಲಸ ಸಿಕ್ಕಿತು: ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವುದು. ಎಷ್ಟೋ ಪುಸ್ತಕಗಳಿಗೆ ಒಂದೇ ನಂಬರಿನ ಎರಡೆರಡು ಕಾರ್ಡುಗಳಿದ್ದವು. ಎರಡನೆಯದನ್ನು ನಕಲು ಎಂದು ಬೇರ್ಪಡಿಸಿ ಕಟ್ಟು ಕಟ್ಟಿದೆ.

"ಓದಿ ನೋಡ್ದ್ಯಾ?" ಎಂದರು ಸರ್.

"ನಂಬರ್ ನೋಡ್ದೆ ಸರ್. ಒಂದೇ ನಂಬರ್ ಎರಡು ಸಲ ಕೊಟ್ರೆ ಕಂಪ್ಯೂಟರ್ ತಗೊಳಲ್ಲ. ಸುಮ್ನೆ ಯಾಕೆ ಇಟ್ಕೊಳ್ಳೋದು?"

ಅವರು ಕನ್ನಡಕ ಒರೆಸಿಕೊಂಡು ತಮ್ಮ ಮೇಜಿಗೆ ಹೋದರು. ಕಟ್ಟುಗಳು ಗುಜರಿಗೆ ಹೋದವು. ಅದೇ ವರ್ಷ ಅವರು ನಿವೃತ್ತರಾದರು.

ಆಮೇಲೊಂದು ದಿನ ಒಬ್ಬ ಹುಡುಗಿ ಅಣೆಕಟ್ಟಿನ ಪುಸ್ತಕ ಕೇಳಿದಳು. ಪರದೆಯ ಮೇಲೆ ಎಂಜಿನಿಯರರದೊಂದೇ ಬಂತು. ಮೂಲೆಯಲ್ಲಿ ಉಳಿದಿದ್ದ ಹಳೆಯ ಡ್ರಾಯರನ್ನು ಎಳೆದೆ. ತಳದಲ್ಲಿ ಎರಡನೆಯ ಕಾರ್ಡೊಂದು ಸಿಕ್ಕಿಕೊಂಡಿತ್ತು. ಮೇಲೆ ಪುಸ್ತಕದ ನಂಬರು. ಕೆಳಗೆ ಪೆನ್ಸಿಲಿನಲ್ಲಿ, ಸಣ್ಣಗೆ, ಅದರ ಎದುರಾಳಿಯ ನಂಬರು. ನಕಲೆಂದು ನಾನು ಗುಜರಿಗೆ ಕಳಿಸಿದ್ದು ಇಂಥ ಕಾರ್ಡುಗಳನ್ನೇ.

ಅವರ ಮನೆಗೆ ಓಡಿದೆ. ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. "ಎಲ್ಲಾ ನಿಮ್ಮ ನೆನಪಲ್ಲಿದೆಯಲ್ಲ ಸರ್?" ಎಂದೆ.

"ನೆನಪಲ್ಲಿ ಇದ್ದಿದ್ರೆ ಕಾರ್ಡ್ ಯಾಕೆ ಬರೀತಿದ್ದೆ?" ಎಂದು ನಕ್ಕರು.

ಆದರೂ ಭಾನುವಾರಗಳಂದು ಕೂತೆವು. ನಾನು ಒಂದು ಪುಸ್ತಕದ ಹೆಸರು ಹೇಳುವುದು, ಅವರು ಕಣ್ಣು ಮುಚ್ಚಿ ಅದರ ಎದುರಾಳಿಯನ್ನು ಹುಡುಕುವುದು. ಸಿಕ್ಕಿದ್ದನ್ನು ಬರೆದುಕೊಂಡೆ. ಇವತ್ತಿಗೂ ಓದುಗರಿಗೆ ಎರಡು ಪುಸ್ತಕ ಕೊಡುವುದು ಆ ನೋಟ್‌ಬುಕ್ ನೋಡಿಕೊಂಡೇ. ಸಿಕ್ಕಿದ್ದು ಸ್ವಲ್ಪ. ಕೊನೆಯ ಭಾನುವಾರ ಒಂದು ಹೆಸರಿಗೆ ಬಹಳ ಹೊತ್ತು ತಡಕಾಡಿದರು.

"ಅದು ಹೋಯ್ತು. ಮುಂದಿಂದು ಹೇಳು."

ನಾನು ನೋಟ್‌ಬುಕ್ ಮುಚ್ಚಿದೆ. ಕೇಳಿಯೇ ಬಿಟ್ಟೆ:

"ಅವತ್ತು ನಾನು ಆ ಕಾರ್ಡೆಲ್ಲ ಕಟ್ಟು ಕಟ್ತಿದ್ದಾಗ ನೀವ್ಯಾಕೆ ಸರ್ ನನ್ ಜೊತೆ ವಾದ ಮಾಡ್ಲಿಲ್ಲ?"