ಬುತ್ತಿ ಬಿಚ್ಚುವ ಟೇಬಲ್ಲು

ಮದುವೆಯಾಗಿ ಬೈಲಹೊಂಗಲಕ್ಕೆ ಬಂದ ಮೂರನೆಯ ದಿನ ನಮ್ಮ ಹೋಟೆಲಿನಲ್ಲಿ ಕಂಡದ್ದನ್ನು ಕುಂದಾಪುರದ ನೆರೆಯವರಾದ ನಿಮಗೆ ಹೇಳಿದರೆ ನಂಬಲಿಕ್ಕಿಲ್ಲ. ಹನ್ನೊಂದರ ಹೊತ್ತಿಗೆ ನಾಲ್ಕು ಮಂದಿ ರೈತರು ಒಳಗೆ ಬಂದರು. ಬಾಗಿಲ ಪಕ್ಕದ ಉದ್ದ ಟೇಬಲ್ಲಿಗೆ ಕೂತು, ಹೆಗಲ ಗಂಟು ಬಿಚ್ಚಿ, ಮನೆಯಿಂದ ತಂದ ರೊಟ್ಟಿ ಹರಡಿಕೊಂಡು ತಿನ್ನತೊಡಗಿದರು. ಹೋಟೆಲಿಗೆ ಬಂದು ತಮ್ಮದೇ ಊಟ! ನಮ್ಮ ಕಡೆಯಾದರೆ ಮಾಲೀಕರು ಕಣ್ಣಲ್ಲೇ ಎಬ್ಬಿಸಿ ಕಳಿಸುತ್ತಿದ್ದರು. ಈಗ ಜಗಳ ಗ್ಯಾರಂಟಿ ಎಂದು ನಾನು ಕಾಯುತ್ತಾ ನಿಂತೆ. ಗಲ್ಲಾದಲ್ಲಿ ಕೂತಿದ್ದ ಮಾವ ಎದ್ದು ಒಳಗೆ ಹೋದರು. ಒಂದು ಬಟ್ಟಲು ಚಟ್ನಿ, ಹೆಚ್ಚಿದ ಈರುಳ್ಳಿ, ತಂಬಿಗೆ ನೀರು ತಂದು ಅವರ ಮುಂದಿಟ್ಟು, ಏನೂ ಆಗಿಲ್ಲವೆಂಬಂತೆ ಮರಳಿ ಕೂತರು.

ಆ ಗಂಟಿಗೆ ಬುತ್ತಿ ಎನ್ನುತ್ತಾರೆ, ಆ ಟೇಬಲ್ಲು ಬುತ್ತಿಯವರದು. ನನ್ನ ಗಂಡನ ಅಜ್ಜ ಘಟ್ಟ ಹತ್ತಿ ಬಂದು, ಯಾರದೋ ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ಈ ಊರಿನ ಸಾಹುಕಾರರೊಬ್ಬರ ಕಟ್ಟಡದ ಮುಂಭಾಗದಲ್ಲಿ ಸ್ವಂತ ಹೋಟೆಲು ತೆರೆದರಂತೆ. ಬಾಯಿಮಾತಿನ ಒಪ್ಪಂದ, ಕಾಗದ ಪತ್ರ ಒಂದೂ ಇಲ್ಲ. ಮೊದಲ ತಿಂಗಳು ಇಡ್ಲಿಯನ್ನು ಯಾರೂ ಮೂಸಲಿಲ್ಲ. ಜ್ವರ ಬಂದವರು ತಿನ್ನುವ ವಸ್ತು ಎಂದುಕೊಂಡಿದ್ದರೋ ಏನೋ. ಸಂತೆಗೆ ಬಂದವರು ಮಾತ್ರ ನೆರಳು ನೋಡಿ ಒಳಗೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಕೈಕಟ್ಟಿ ಕೂತಿದ್ದ ಅಜ್ಜ ಅವರ ಮುಂದೆ ಚಟ್ನಿ ಇಟ್ಟರು. ಚಟ್ನಿ ತಿಂದವರು ಚಹಾ ಕುಡಿದರು, ಚಹಾ ಕುಡಿದವರು ಒಂದು ದಿನ ಇಡ್ಲಿಯನ್ನೂ ಕೇಳಿದರು. ಹೀಗೆ ನಮ್ಮ ಮನೆತನದ ಅನ್ನ ಬಿಟ್ಟಿ ಚಟ್ನಿಯಿಂದ ಶುರುವಾಯಿತು.

ನನಗೆ ಈ ಊರು ಒಗ್ಗಲು ವರ್ಷಗಳೇ ಬೇಕಾದವು. ನಮ್ಮ ಕಡೆ ಗಾಳಿಯಲ್ಲೇ ನೀರಿರುತ್ತದೆ, ಇಲ್ಲಿ ಚಳಿಗಾಲಕ್ಕೆ ತುಟಿ ಒಡೆದು ರಕ್ತ ಬರುತ್ತದೆ. ಗಿರಾಕಿಗಳನ್ನು ‘ಎಂತ ಬೇಕು?’ ಎಂದು ಕೇಳಿದರೆ ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ಸಾಂಬಾರಿಗೆ ನಮ್ಮ ಅಳತೆಯಲ್ಲಿ ಬೆಲ್ಲ, ತೆಂಗಿನಕಾಯಿ ಹಾಕಿದ ದಿನ ಪಾತ್ರೆ ಹಾಗೇ ಉಳಿಯಿತು. ಮಾತಾಡಲು ಯಾರೂ ಇಲ್ಲದೆ ಬಚ್ಚಲಲ್ಲಿ ಅತ್ತದ್ದೂ ಉಂಟು. ರೊಟ್ಟಿ ಕಲಿಸಿದವರು ನೇಸರಗಿಯ ಗಂಗವ್ವ. ವಾರಕ್ಕೊಮ್ಮೆ ಬೆಣ್ಣೆ ಮಾರಲು ಬಂದು ಬುತ್ತಿ ಟೇಬಲ್ಲಿನ ಮೂಲೆಯಲ್ಲಿ ಕೂರುವ ಮುದುಕಿ. ನಾನು ಹಿಟ್ಟನ್ನು ನಾಜೂಕಾಗಿ ಒತ್ತುವುದನ್ನು ನೋಡಿ, “ಸವರಬ್ಯಾಡವ್ವಾ, ಬಡಿ” ಎಂದರು. ನನ್ನ ರೊಟ್ಟಿ ಮೊದಲ ಸಲ ಹೆಂಚಿನ ಮೇಲೆ ಉಬ್ಬಿದಾಗ ಆದ ಖುಷಿ ಡಿಗ್ರಿ ಪಾಸಾದಾಗಲೂ ಆಗಿರಲಿಲ್ಲ.

ಆದರೂ ನಾವು ಇಲ್ಲಿಯವರಾಗಲಿಲ್ಲ. ಮಾವ ದಿನಕ್ಕೊಮ್ಮೆಯಾದರೂ ‘ನಾವು ಹೋಗುವವರು’ ಎನ್ನುತ್ತಿದ್ದರು. ಎರಡು ತಲೆಮಾರಿನ ದುಡಿಮೆಯೆಲ್ಲ ನಿಮ್ಮ ಪಕ್ಕದ ನಮ್ಮ ಊರಿನ ಮನೆಗೆ ಹೋಯಿತು. ಹೆಂಚು ಹೋಗಿ ತಾರಸಿ ಬಂತು, ಸಿಮೆಂಟು ನೆಲಕ್ಕೆ ಗ್ರಾನೈಟು ಬಂತು. ವರ್ಷಕ್ಕೆ ಎಂಟು ದಿನ ನಾವು ಆ ಮನೆಯ ಧೂಳು ಹೊಡೆದು, ಮತ್ತೆ ಬೀಗ ಹಾಕಿ ಬರುತ್ತಿದ್ದೆವು. ಆ ಎಂಟು ದಿನವೂ ನಿಮ್ಮದೆಲ್ಲ ಒಂದೇ ಪ್ರಶ್ನೆ: ‘ಯಾವತ್ತ್ ವಾಪಾಸ್ ಹೋಪುದ್?’ ನನ್ನ ಗಂಡ ಹುಟ್ಟಿದ್ದೇ ಬೈಲಹೊಂಗಲದಲ್ಲಿ. ಅವರು ಬಾಯಿ ಬಿಟ್ಟರೆ ಸಾಕು, ನಿಮ್ಮ ಊರಿನ ಅಂಗಡಿಯವರು ‘ಘಟ್ಟದ ಮೇಲಿನವರಾ?’ ಎನ್ನುತ್ತಿದ್ದರು. ಇಲ್ಲಿ ಸಾಹುಕಾರರ ಮಗ ಒಮ್ಮೆ ತಾವಾಗಿಯೇ ಬಂದು, ಊರ ಅಂಚಿನಲ್ಲಿ ಒಂದು ಜಾಗ ಕೊಡುತ್ತೇನೆ, ನಿಧಾನಕ್ಕೆ ತೀರಿಸಿರಿ ಎಂದಿದ್ದರಂತೆ. ಹೋಗುವವರಿಗೆ ಇಲ್ಲಿ ಜಾಗ ಏಕೆ ಎಂದು ಮಾವ ನಕ್ಕು ಚಹಾ ಕೊಟ್ಟು ಕಳಿಸಿದರು. ಆ ನಗು ನೆನೆದರೆ ಈಗ ನನಗೆ ಸಿಟ್ಟು ಬರುತ್ತದೆ.

ಹೋದ ಬೇಸಿಗೆಯಲ್ಲಿ ಆ ಸಾಹುಕಾರರ ಮೊಮ್ಮಗ ಬಸಣ್ಣ ಬಂದರು. ಯಾವಾಗಲೂ ಗಲ್ಲಾದ ಬಳಿ ನಿಂತು ಹರಟುವವರು ಅಂದು ಬುತ್ತಿ ಟೇಬಲ್ಲಿಗೆ ಹೋಗಿ ಕೂತರು. ಚಹಾ ಆರಿದರೂ ಮುಟ್ಟಲಿಲ್ಲ.

“ಕಾಕಾರ, ಹೆಂಗ ಹೇಳ್ಬೇಕೋ ತಿಳೀವಲ್ದು. ನಾವು ಅಣ್ಣ ತಮ್ಮಂದಿರು ಬ್ಯಾರೆ ಆಗಾಕತ್ತೇವಿ. ಈ ಜಾಗಾ ತಮ್ಮನ ಪಾಲಿಗೆ ಬಂದೈತಿ. ಅವ ಕೆಡವಿ ಹೊಸಾದು ಕಟ್ಟಸ್ತಾನಂತ. ದೀಪಾವಳಿ ಮಟಾ ಇರ್ರಿ.”

ಮಾವ ವಾದ ಮಾಡಲಿಲ್ಲ. “ಜಾಗಾ ನಿಮ್ದು. ನಾವು ಹೋಗೂ ಮಂದಿ” ಎಂದರು. ಅದೇ ಮಾತು, ಆದರೆ ದನಿ ಏಳಲಿಲ್ಲ. ಬಸಣ್ಣನ ಮೇಲೆ ಕೋಪ ಮಾಡಿಕೊಳ್ಳೋಣವೆಂದರೆ ಅವರ ಕಣ್ಣೇ ಒದ್ದೆಯಾಗಿತ್ತು. ಅಲ್ಲಿಂದ ನನ್ನ ಗಂಡ ಸವದತ್ತಿ, ರಾಮದುರ್ಗ, ಕಿತ್ತೂರು ಎಂದು ತಿರುಗಿದರು. ಬಸ್ ಸ್ಟ್ಯಾಂಡಿನ ಹತ್ತಿರ ಜಾಗವಿಲ್ಲ, ಇದ್ದ ಕಡೆ ಕೇಳಿದ ಅಡ್ವಾನ್ಸು ನಮ್ಮ ಕೈಗೆ ಎಟುಕುವಂಥದ್ದಲ್ಲ. ಊರಿನ ಮನೆ ಮಾರೋಣವೆಂದು ನಾನೇ ಒಂದು ದಿನ ಬಾಯಿಬಿಟ್ಟೆ. ಬಸ್ಸು ಹೋಗದ ಆ ಮೂಲೆಯ ಮನೆಯನ್ನು ಯಾರೂ ಕೇಳಲೂ ಬರಲಿಲ್ಲ. ಕೊನೆಗೆ ಉಳಿದದ್ದು ಒಂದೇ ದಾರಿ, ಮೂರು ತಲೆಮಾರು ಹಂಬಲಿಸಿದ ಆ ದಾರಿಯೇ.

ನಿನ್ನೆ ಒಲೆ ಆರಿಸಿದೆವು. ಪಾತ್ರೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿದ್ದಾಯಿತು. ಲಾರಿಗೆ ಕೊನೆಗೆ ಹಾಕೋಣವೆಂದು ಬುತ್ತಿ ಟೇಬಲ್ಲನ್ನು ಅದರ ಜಾಗದಲ್ಲೇ ಬಿಟ್ಟಿದ್ದೆವು. ಮಧ್ಯಾಹ್ನ ಗಂಗವ್ವ ಬಂದರು. ಹೊರಡುವುದು ಗಟ್ಟಿಯಾದದ್ದೇ ಹೋದ ವಾರ, ಎರಡು ವಾರ ಮೈಗೆ ಹುಷಾರಿಲ್ಲದೆ ಮನೆಯಲ್ಲೇ ಇದ್ದುದರಿಂದ ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ಎಂದಿನಂತೆ ಮೂಲೆಯಲ್ಲಿ ಕೂತು ಗಂಟು ಬಿಚ್ಚಿದರು. ಮಾವನೂ ಎಂದಿನಂತೆ ಎದ್ದು ಒಳಗೆ ಹೋದರು.  ಸ್ವಲ್ಪ ಹೊತ್ತಿನ ಮೇಲೆ ಅವರು ಬರಿಗೈಯಲ್ಲಿ ಹೊರಬಂದು ಟೇಬಲ್ಲಿನ ಮುಂದೆ ನಿಂತರು. 

ಗಂಗವ್ವ ಚೀಲಗಳನ್ನು ನೋಡಿದರು, ಬರಿದಾದ ಗೋಡೆ ನೋಡಿದರು. ಆಮೇಲೆ ಒಂದು ರೊಟ್ಟಿಯ ಮೇಲೆ ಎಣ್ಣೆಗಾಯಿ ಬಡಿಸಿ ಅವರತ್ತ ಚಾಚಿದರು.

“ಕುಂದರ್ರಿ ಅಣ್ಣಾರ. ಇವತ್ತ ನಮ್ಮ ಬುತ್ತಿ ಉಣ್ರಿ.”

ಬದುಕಿಡೀ ಆ ಟೇಬಲ್ಲಿಗೆ ಚಟ್ನಿ ಹೊತ್ತ ಮನುಷ್ಯ ಮೊದಲ ಸಲ ಅಲ್ಲಿ ಕೂತರು. ತಲೆ ಎತ್ತದೆ ತಿಂದರು. ನನ್ನ ಗಂಡ ಹೊರಗೆ ಹೋಗಿ ಲಾರಿಯ ಹಗ್ಗ ಬಿಗಿಯತೊಡಗಿದರು, ಬಿಗಿದದ್ದನ್ನೇ ಮತ್ತೆ ಬಿಗಿದರು. ಗಂಗವ್ವ ಖಾಲಿ ಬಟ್ಟೆ ಮಡಚುತ್ತಾ, ನಾವು ಪ್ರತಿ ವರ್ಷ ಊರಿಗೆ ಹೊರಟಾಗ ಕೇಳುತ್ತಿದ್ದುದನ್ನೇ ಕೇಳಿದರು.

“ಮತ್ತ ಯಾವಾಗ ಬರತೀರಿ?”

ಪ್ರತಿ ವರ್ಷ ಮಾವ ‘ಎಂಟ ದಿನಕ್ಕ’ ಎಂದು ಥಟ್ಟನೆ ಹೇಳುತ್ತಿದ್ದರು. ನಿನ್ನೆ ಅವರ ಬಾಯಲ್ಲಿ ಇನ್ನೂ ರೊಟ್ಟಿ ಇತ್ತು.

ನಾಳೆ ನಾವು ನಿಮ್ಮಲ್ಲಿಗೆ ಬರುತ್ತೇವೆ. ಬೀಗ ತೆಗೆಯುವ ಸದ್ದಿಗೆ ನೀವು ಬೇಲಿಯ ಬಳಿ ಬಂದೇ ಬರುತ್ತೀರಿ. ಯಾವತ್ತು ವಾಪಸ್ಸು ಎಂದು ಮಾತ್ರ ಈ ಸಲ ಮಾವನನ್ನು ಕೇಳಬೇಡಿ.