ಮುಖ ಬಾರದ ಎರಕ

ನಾನು ಅರಸೀಕೆರೆಯಲ್ಲಿ ಕಂಚಿನ ಶಿಲ್ಪ ಎರಕ ಹೊಯ್ಯುವವನು. ಹಾಗೆಂದ ಕೂಡಲೇ ಜನ ಕೇಳುವುದು, ಯಾವ ದೇವಸ್ಥಾನಕ್ಕೆ ಎಂದು. ದೇವರನ್ನಲ್ಲ, ಮನುಷ್ಯರನ್ನು ಮಾಡುತ್ತೇನೆ ಎಂದರೆ ಮುಖ ಹುಳ್ಳಗೆ ಮಾಡಿಕೊಳ್ಳುತ್ತಾರೆ. ಆಮೇಲೆ ಬೇಲೂರಿನ ಮಾತು ಬಂದೇ ಬರುತ್ತದೆ. ಬೇಲೂರು, ಹಳೇಬೀಡು ಮಗ್ಗುಲಲ್ಲೇ ಇರುವಾಗ ನಿಮ್ಮದೇನು ಹೊಸದು, ಆ ಕನ್ನಡಿ ಹಿಡಿದ ಸುಂದರಿಯ ಮುಂದೆ ನಿಮ್ಮ ಈ ಮೂಟೆ ಹೊರುವವನು ಯಾವ ಲೆಕ್ಕ, ಎನ್ನುತ್ತಾರೆ. ಎಂದೋ ಸತ್ತ ಶಿಲ್ಪಿಗಳ ಜೊತೆ ದಿನಾ ಜಗಳವಾಡಿ ನನಗೆ ಸಾಕಾಗಿದೆ.

ನಮ್ಮದು ಕೊಬ್ಬರಿ ವ್ಯಾಪಾರದ ಮನೆತನ. ಮಂಡಿಯಲ್ಲಿ ಕೂರಬೇಕಾದವನು ಕುಲುಮೆ ಮುಂದೆ ಕೂತದ್ದನ್ನು ನಮ್ಮವರು ಇವತ್ತಿಗೂ ಒಪ್ಪಿಲ್ಲ. ನನ್ನ ಕೆಲಸವನ್ನು ಕೆಲಸ ಎಂದು ಕರೆದವಳು ನನ್ನ ಹೆಂಡತಿ ಒಬ್ಬಳೇ. ಬಾಣಾವರದವಳು. ಹೊಗಳುತ್ತಿದ್ದಳು ಎಂದಲ್ಲ, ಹೊಗಳಿಕೆ ಅವಳ ಬಾಯಲ್ಲಿ ಬರುತ್ತಲೇ ಇರಲಿಲ್ಲ.

ಕಾಯಿಲೆ ಬಿದ್ದ ಮೇಲೆ ಅವಳಿಗೆ ಓಡಾಟವಿರಲಿಲ್ಲ. ಜಗಲಿಯಲ್ಲಿ ಗೋಡೆಗೊರಗಿ ಕೂತು ಮೊರದಲ್ಲಿ ಅಕ್ಕಿ ಹರವಿಕೊಂಡು ಕಲ್ಲು ಆರಿಸುತ್ತಿದ್ದಳು. ಅಂಗಡಿಯ ಅಕ್ಕಿಯಲ್ಲಿ ಈಗೆಲ್ಲಿಯ ಕಲ್ಲು? ಆದರೂ ಆರಿಸುತ್ತಿದ್ದಳು. ನಾನು ಎದುರಿಗೆ ಕೂತು ಜೇನುಮೇಣಕ್ಕೆ ರಾಳ ಬೆರೆಸಿ ನಾದಿ, ಅವಳನ್ನು ಕೂತಂತೆಯೇ, ಮೊರದ ಸಮೇತ, ಒಂದು ಮೊಳದ ಬೊಂಬೆಯಾಗಿ ಮಾಡಿದೆ. ಒಂದು ಸಂಜೆ ಮೂಗನ್ನು ಕೊಂಚ ತೀಡಿದೆ. ಅವಳು ಮೊರದಿಂದ ತಲೆ ಎತ್ತಿ, ‘ಯಾಕ್ ತೀಡ್ತೀರಿ? ನಾನೇನ್ ಬೇಲೂರಿನ ಬೊಂಬೆನಾ? ಐತಲ್ಲ, ಹಂಗೇ ಮಡಗ್ರೀ’ ಎಂದಳು. ದಪ್ಪ ಮೂಗನ್ನು ವಾಪಸು ಕೊಟ್ಟೆ. ಆಗ ಆ ಮುಖ ಅವಳದಾಯಿತು. ನನ್ನ ಕೈಯಿಂದ ಅಂಥ ಮುಖ ಹಿಂದೆ ಬಂದಿರಲಿಲ್ಲ. ಮುಂದೆ ಬರುವುದೂ ಇಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಅವಳು ಹೋದಳು. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಗುಣಿಯಲ್ಲಿ ಕೂರಿಸಿ, ವಿಭೂತಿ, ಬಿಲ್ವಪತ್ರೆ ಹಾಕಿ, ಮಣ್ಣು ಕೊಡುತ್ತೇವೆ. ಮಣ್ಣು ಮೊದಲು ಮಡಿಲಿಗೆ, ಆಮೇಲೆ ಭುಜಕ್ಕೆ, ಕೊನೆಗೆ ಮುಖಕ್ಕೆ ಬರುತ್ತದೆ. ಕೊನೆಯವರೆಗೂ ಮುಖ ಮೇಲಿರುತ್ತದೆ.

ನನ್ನ ಅತ್ತೆಗೆ ಆ ಮುಖ ನೋಡಲಾಗಲಿಲ್ಲ. ಸೊಂಟದ ಮೂಳೆ ಮುರಿದುಕೊಂಡು ಬಾಣಾವರದಲ್ಲಿ ಹಾಸಿಗೆ ಹಿಡಿದಿದ್ದರು. ಕರ್ಮಗಳು ಮುಗಿದ ಮೇಲೆ ಹೋಗಿ ಫೋಟೋ ಕೊಟ್ಟರೆ ತಳ್ಳಿಬಿಟ್ಟರು. ‘ಫೋಟೋ ಬ್ಯಾಡ ಅಳಿಯಂದ್ರೆ. ಫೋಟೋದಾಗೆ ಅವ್ಳು ಬಿಗ್ಕಂಡಿರ್ತಾಳೆ. ಬೊಂಬೆ ಮಾಡಿದ್ರಂತಲ್ಲ, ಅದ್ರಾಗೆ ನನ್ ಮಗ್ಳ ಮುಖ ತೋರ್ಸಿ’ ಎಂದರು. ಕಂಚಿನಲ್ಲೇ ತರುತ್ತೇನೆ ಎಂದು ಮಾತು ಕೊಟ್ಟೆ. ಮೇಣದ್ದನ್ನೇ ಒಯ್ದು ತೋರಿಸಬಹುದಿತ್ತು. ದಾರಿಯ ಬಿಸಿಲಿಗೆ ಬಾಗೀತು ಎಂದು ಹೆದರಿ ಅದನ್ನು ಮನೆಯಲ್ಲೇ ನೀರು ತುಂಬಿದ ಕೊಳಗದಲ್ಲಿ ಮುಳುಗಿಸಿಟ್ಟಿದ್ದೆ.

ಎರಕದ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಮೇಣದ ಬೊಂಬೆಗೆ ಮಣ್ಣು ಮೆತ್ತಿ ಒಣಗಿಸಿ ಸುಟ್ಟರೆ, ಮೇಣ ಕರಗಿ ಹರಿದುಹೋಗಿ ಒಳಗೆ ಬರೀ ಟೊಳ್ಳು ಉಳಿಯುತ್ತದೆ. ಆ ಟೊಳ್ಳಿಗೆ ಕಾದ ಕಂಚು ಹೊಯ್ಯುವುದು. ಬಂದರೆ ಬಂತು. ಬಾರದಿದ್ದರೆ ಮೇಣವೂ ಇಲ್ಲ, ಕಂಚೂ ಇಲ್ಲ. ಕಂಚು ಮೊದಲು ತಳ ಸೇರುತ್ತದೆ, ತಳ ನುಣ್ಣಗೆ ಬರುತ್ತದೆ. ಗಾಳಿ, ನೊರೆ, ಕಸವೆಲ್ಲ ಮೇಲೇರಿ ನಿಲ್ಲುತ್ತವೆ. ಅದಕ್ಕೇ ನಾನು ಯಾವ ಬೊಂಬೆಯ ಅಚ್ಚನ್ನಾದರೂ ಗುಣಿಯಲ್ಲಿ ತಲೆಕೆಳಗಾಗಿ ಹೂತು, ಕಾಲಿನ ಕಡೆಯಿಂದ ಹೊಯ್ಯುತ್ತೇನೆ.

ಹಳೇಬೀಡಿನ ಕೆರೆಯಿಂದ ಗೋಡುಮಣ್ಣು ತಂದು ಮೆತ್ತಿದೆ. ಅಚ್ಚು ಸುಟ್ಟಾಯಿತು, ಮೇಣ ಹರಿದುಹೋಯಿತು. ಹಿತ್ತಲಲ್ಲಿ ಗುಣಿ ತೋಡಿದ್ದೆವು. ಬಹಳ ವರ್ಷದಿಂದ ನನ್ನ ಕುಲುಮೆ ನೋಡಿಕೊಳ್ಳುವ ಮಾದಿಹಳ್ಳಿಯವನು ಅಚ್ಚನ್ನು ತಲೆಕೆಳಗು ಮಾಡಿ ಗುಣಿಗೆ ಇಳಿಸಲು ಹೋದ.

‘ಬೇಡ’ ಎಂದೆ.

‘ಯಾಕ್ರಣ್ಣ?’

‘ಕೂತಂತೆ ಇಡು. ತಲೆ ಮೇಲಿರಲಿ.’

‘ಮುಖ ಬರಾಕಿಲ್ಲ ಕಣ್ರಣ್ಣ. ನಿಮಗೆ ನಾನು ಹೇಳ್ಬೇಕಾ?’

ಹೇಳಬೇಕಾಗಿರಲಿಲ್ಲ. ನನಗೆ ಗೊತ್ತಿತ್ತು. ಆದರೆ ಆ ಗುಣಿ, ಆ ತೇವದ ಮಣ್ಣಿನ ವಾಸನೆ! ಅವಳನ್ನು ಕೂರಿಸಿ ಬಂದ ಕೈಯಲ್ಲೇ ಅವಳ ತಲೆಯನ್ನು ಮಣ್ಣಿಗೆ ತುರುಕಲು ನನ್ನಿಂದಾಗಲಿಲ್ಲ. ಕಾಲಿನ ಕಡೆಯ ಬಾಯಿಗೆ ಮಣ್ಣಿನ ಕೊಳವೆ ಕಟ್ಟಿ ಪಕ್ಕದಿಂದ ಹೊಯ್ಯೋಣ, ಗಾಳಿ ಹೋಗಲು ತಲೆಯ ಕಡೆ ಒಂದೆರಡು ಕೊಳವೆ ಹೆಚ್ಚಿಗೆ ಇಟ್ಟಿದ್ದೇನೆ, ಬರುತ್ತದೆ, ಎಂದು ಅವನ ಮೇಲೆ ರೇಗಿದೆ. ಅವನು ಅಚ್ಚನ್ನು ಕೂತಂತೆಯೇ ಇಳಿಸಿ ಸುತ್ತ ಮಣ್ಣು ತುಂಬಿದ. ಕಂಚು ಹೊಯ್ದೆವು.

ಆರಿದ ಮೇಲೆ ಅಚ್ಚು ಒಡೆದೆ. ಪಾದದ ಬೆರಳು ಬಂದಿತ್ತು. ಸೀರೆಯ ನೆರಿಗೆ ಬಂದಿತ್ತು. ಮೊರದ ಹೆಣಿಗೆ, ಅದರೊಳಗಿನ ಅಕ್ಕಿಯ ಕಾಳು ಕಾಳೂ ಬಂದಿತ್ತು. ಕತ್ತಿನಿಂದ ಮೇಲೆ, ತುರುಬು ಮತ್ತು ಒಂದು ಕಿವಿ ಬಿಟ್ಟರೆ, ಮುಖವಿರಬೇಕಾದ ಕಡೆ ಹುಳು ತಿಂದಂಥ ತೂತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ನನಗೆ ಬುದ್ಧಿ ಮೊದಲೇ ಇತ್ತು. ಇದ್ದೂ ಕೆಟ್ಟೆ.

‘ಕರಗಿಸಿ ಇನ್ನೊಂದು ಮಾಡನ ಬಿಡಿ’ ಎಂದ ಮಾದಿಹಳ್ಳಿಯವನು. ಯಾರನ್ನು ನೋಡಿಕೊಂಡು ಮಾಡಲಿ? ಕೂತು ಪ್ರಯತ್ನಪಟ್ಟೆ, ಇಲ್ಲವೆನ್ನುವುದಿಲ್ಲ. ಮೇಣ ಹಿಡಿದರೆ ಬೆರಳು ತಾನಾಗಿ ಚೂಪು ಮೂಗು ತೀಡುತ್ತದೆ. ಬೇಡ ಎನ್ನುವವಳು ಎದುರಿಗಿಲ್ಲ. ಆಮೇಲೆ ನಾನು ಮೇಣ ಮುಟ್ಟಿಲ್ಲ. ಕುಲುಮೆಯಲ್ಲಿ ಈಗ ಬೆಕ್ಕು ಮಲಗುತ್ತದೆ.

ಮಾತು ಕೊಟ್ಟಿದ್ದೆನಲ್ಲ, ಬೊಂಬೆಯನ್ನು ಟವೆಲಿನಲ್ಲಿ ಸುತ್ತಿ ಬಾಣಾವರಕ್ಕೆ ಒಯ್ದೆ. ಅತ್ತೆ ಹಾಸಿಗೆಯಲ್ಲಿ ದಿಂಬಿಗೊರಗಿ ಕೂತಿದ್ದರು. ಬಿಚ್ಚಿ ತೊಡೆಯ ಮೇಲಿಟ್ಟೆ. ಅವರು ಮೊದಲು ಪಾದ ಸವರಿದರು, ಆಮೇಲೆ ಮೊರದ ಅಕ್ಕಿ ಸವರಿದರು. ಬೆರಳು ಮೇಲೇರಿ ತೂತಿನೊಳಗೆ ಹೋಯಿತು.

‘ಮುಖ ಎಲ್ಲಿ ಅಳಿಯಂದ್ರೆ?’

ಇದ್ದದ್ದು ಇದ್ದಂತೆ ಹೇಳಿದೆ. ಗುಣಿ, ಮಣ್ಣು, ಅವಳನ್ನು ತಲೆಕೆಳಗು ಮಾಡಲಾರದೆ ಹೋದದ್ದು. ಅವರು ಬೆರಳು ತೆಗೆಯದೆ ಕೇಳಿಸಿಕೊಂಡರು.

‘ತಲೆಕೆಳಗಾಗಿ ಮಡಗಿದ್ರೆ ಬತ್ತಿತ್ತಾ?’

‘ಬರುತ್ತಿತ್ತು, ಅತ್ತೆ.’

‘ಮಡಗ್ಬೇಕಿತ್ತು ಕಣ್ರಪ್ಪಾ’ ಎಂದರು. ‘ನನ್ ಹೊಟ್ಟೆಯಿಂದ ಅವ್ಳು ಬಂದಿದ್ದೂ ತಲೆಕೆಳಗಾಗೇ. ಆವಾಗ ಮುಖ ಚೆಂದಾಗೇ ಬಂದಿತ್ತು.’